ಓದುಗರ ಪತ್ರಕ್ಕೆ ಶೀರ್ಷಿಕೆ ಕೊಡುವ ಕೆಲಸ

ಕೋಲಾರದ ಒಂದು ದಿನಪತ್ರಿಕೆಯಲ್ಲಿ ಓದುಗರ ಪತ್ರಗಳ ಅಂಕಣ ನೋಡಿಕೊಳ್ಳುವುದು ನನ್ನ ಕೆಲಸ. ಕಾಗುಣಿತ ತಿದ್ದುವುದು ದೊಡ್ಡ ವಿಷಯವಲ್ಲ. ಹೊಸಬರು ಎಡವುವುದು ನಾಲ್ಕು ಪದದ ಶೀರ್ಷಿಕೆಯಲ್ಲಿ. ಪತ್ರ ಯಾವುದರ ಬಗ್ಗೆ ಇದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಬರೆದವರು ಕಡೆಗೂ ಏನು ಹೇಳುತ್ತಿದ್ದಾರೆ ಎಂಬುದು ಹಾಗೆ ಸುಲಭಕ್ಕೆ ಸಿಗುವುದಿಲ್ಲ.

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ 2018ರಿಂದಲೂ ಪತ್ರಗಳು ಬರುತ್ತಲೇ ಇವೆ. ಅಂಥದೊಂದನ್ನು ತರಬೇತಿಗೆ ಬಂದಿರುವ ಹುಡುಗಿಗೆ ಕೊಟ್ಟೆ. ತಿದ್ದಿದ ಮೇಲೆ ಅದು ಹೀಗಿತ್ತು:

“ಕೆ.ಸಿ. ವ್ಯಾಲಿ ನೀರಿನಿಂದ ನಮ್ಮೂರ ಕೆರೆ ತುಂಬಿದೆ. ಬತ್ತಿದ್ದ ಕೊಳವೆಬಾವಿಗಳಿಗೆ ನೀರು ಬಂದಿದೆ. ಆದರೆ ಕೆರೆಗೆ ಬಿಡುವ ಮೊದಲು ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು. ಕೆರೆಯ ನೀರು ಭೂಮಿಗಿಳಿದು ಕೊಳವೆಬಾವಿ ಸೇರುತ್ತದೆ. ನಾವು ಕುಡಿಯುವುದು ಆ ನೀರನ್ನೇ. ಆದ್ದರಿಂದ ಕೆರೆಗೆ ಬಿಟ್ಟದ್ದು ನಮ್ಮ ಬಿಂದಿಗೆಗೇ ಬಿಟ್ಟಂತೆ.”

ಆಕೆ ಕೊಟ್ಟ ಶೀರ್ಷಿಕೆ: ‘ಕೆರೆಗೆ ಬಿಟ್ಟದ್ದು ಬಿಂದಿಗೆಗೆ’. ಕಿವಿಗೆ ಹಿತವಾಗಿದೆ, ಒಪ್ಪುತ್ತೇನೆ. “ಕೊನೆಯ ಸಾಲು ಸರ್, ‘ಆದ್ದರಿಂದ’ ಅಂತಲೂ ಇದೆ” ಎಂದಳು.

“ಸರಿಯಮ್ಮಾ, ಬಿಂದಿಗೆಗೇ ಬಿಟ್ಟಂತೆ. ಅದಕ್ಕೆ?”

“ಅದಕ್ಕೆ... ಇನ್ನೊಂದು ಸಲ ಶುದ್ಧ ಮಾಡಿ ಬಿಡಬೇಕು.”

ಅಲ್ಲಿಗೆ ಉತ್ತರ ಅವಳ ಬಾಯಿಂದಲೇ ಬಂತು. ನಾನು ಬಳಸುವುದು ಎರಡೇ ಪ್ರಶ್ನೆ. ಯಾವುದೇ ವಾಕ್ಯ ಹಿಡಿದು ‘ಯಾಕೆ?’ ಎಂದು ಕೇಳಬೇಕು, ಆಮೇಲೆ ‘ಅದಕ್ಕೆ?’ ಎಂದು ಕೇಳಬೇಕು. ಬಿಂದಿಗೆಯ ವಾಕ್ಯ ಎರಡಕ್ಕೂ ಉತ್ತರ ಕೊಡುತ್ತದೆ. ಅಂದರೆ ಅದು ನಡುವಿನ ಮೆಟ್ಟಿಲು: ಕೆಳಗಿನ ಕಾರಣಗಳ ಮೇಲೆ ನಿಂತು, ಮೇಲಿನದೊಂದನ್ನು ಎತ್ತಿ ಹಿಡಿದಿದೆ. ಮೂರನೇ ಹಂತದ ಮಾತಿಗೆ ‘ಯಾಕೆ?’ ಎಂದರೆ ಪತ್ರ ಉತ್ತರಿಸುತ್ತದೆ, ‘ಅದಕ್ಕೆ?’ ಎಂದರೆ ಸುಮ್ಮನಾಗುತ್ತದೆ. ಪತ್ರದ ತೀರ್ಮಾನ ಅದೇ, ಪತ್ರದ ನಡುವೆ ಕುಳಿತಿದ್ದರೂ.

ಮೊದಲೆರಡು ಸಾಲು ಬರಿಯ ಪೀಠಿಕೆಯಂತೆ ಕಾಣುತ್ತವೆ. ಆದರೆ ಬತ್ತಿದ ಕೊಳವೆಬಾವಿಗೆ ನೀರು ಬಂದಿದೆ ಎಂಬ ಹೊಗಳಿಕೆಯೇ, ಕೆರೆಯ ನೀರು ಅಲ್ಲಿಗೆ ತಲುಪುತ್ತಿದೆ ಎಂಬುದಕ್ಕೆ ಸಾಕ್ಷಿ. ಬರೆದವರು ಜಾಣರು.

ಇದೇ ಪತ್ರವನ್ನು ಡೆಸ್ಕ್‌ನಲ್ಲಿ ಇನ್ನಿಬ್ಬರಿಗೆ ತೋರಿಸಿದೆ. ಯೋಜನೆ ಮೆಚ್ಚಿದವರು ‘ಕೆರೆಗೆ ಜೀವ ತಂದ ಕೆ.ಸಿ. ವ್ಯಾಲಿ’ ಎಂದರು, ಮೆಚ್ಚದವರು ‘ಕೊಳಚೆ ನೀರು ಬೇಡ’ ಎಂದರು. ನಮ್ಮ ಜಿಲ್ಲೆಯಲ್ಲಿ ಈ ನೀರಿನ ಬಗ್ಗೆ ಪಕ್ಷವಿಲ್ಲದವರು ಕಡಿಮೆ. ಇಬ್ಬರೂ ತಮ್ಮ ತೀರ್ಮಾನವನ್ನು ಪತ್ರಕ್ಕೆ ಅಂಟಿಸಿದರು. ‘ಆದ್ದರಿಂದ’ವನ್ನು ನಂಬುವ ತಪ್ಪಿಗಿಂತ ಇದು ದೊಡ್ಡದು ಎಂದೇ ನನ್ನ ಎಣಿಕೆ. ಪತ್ರ ಬರೆದವರು ‘ನೀರು ಬೇಡ’ ಎಂದು ಎಲ್ಲಿಯೂ ಹೇಳಿಲ್ಲ.

ನಮ್ಮ ಹಳೆಯ ತರ್ಕಪದ್ಧತಿಯಾದ ನ್ಯಾಯಶಾಸ್ತ್ರದವರು ಈ ಗೊಂದಲಕ್ಕೆ ಎಡೆ ಕೊಟ್ಟಿರಲಿಲ್ಲ. ಅವರ ವಾದದ ಐದು ಅವಯವಗಳಲ್ಲಿ (ಭಾಗಗಳಲ್ಲಿ) ‘ಬೆಟ್ಟದಲ್ಲಿ ಬೆಂಕಿ ಇದೆ’ ಎಂಬ ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು, ಮೊದಲಿಗೇ ಬರುತ್ತದೆ. ಹೊಗೆಯೆಂಬ ಹೇತು (ಕಾರಣ), ಅಡುಗೆಮನೆಯ ಉದಾಹರಣೆ, ಅದನ್ನು ಬೆಟ್ಟಕ್ಕೆ ಅನ್ವಯಿಸುವ ಉಪನಯ ದಾಟಿ, ಕೊನೆಯ ನಿಗಮನದಲ್ಲಿ ಅದೇ ಮಾತು ಮತ್ತೆ ಬರುತ್ತದೆ. ನಮ್ಮ ಓದುಗರು ಅಷ್ಟು ಶಿಸ್ತಿನವರಲ್ಲ. ‘ಮಾರುಕಟ್ಟೆಗೆ ಬೇರೆ ಜಾಗ ಬೇಕು, ಟೊಮೆಟೊ ಲಾರಿಗಳು ರಸ್ತೆಯಲ್ಲೇ ನಿಲ್ಲುತ್ತಿವೆ’ ಎಂದು ತೀರ್ಮಾನದಿಂದಲೇ ಶುರು ಮಾಡುವವರಿದ್ದಾರೆ. ‘ಇಂಥ ರಸ್ತೆ ಯಾರಿಗೆ ಬೇಕು?’ ಎಂಬ ಪ್ರಶ್ನೆಯಲ್ಲೇ ತೀರ್ಮಾನ ಅಡಗಿಸಿಡುವವರೂ ಇದ್ದಾರೆ. ಕೆಲವು ಪತ್ರಗಳಲ್ಲಿ ಗೋಳು ಮಾತ್ರ ಇರುತ್ತದೆ. ಅಂಥವರಿಗೆ ಫೋನ್ ಮಾಡಿ ‘ಏನಾಗಬೇಕು ಅನ್ನುತ್ತೀರಿ?’ ಎಂದೇ ಕೇಳುತ್ತೇನೆ.

ಜಾಗ ಸಾಲದಾಗ ಇದು ಇನ್ನೂ ಮುಖ್ಯ. ಸುದ್ದಿಯಾದರೆ ಮುಖ್ಯವಾದದ್ದು ತಲೆಯಲ್ಲಿರುತ್ತದೆ, ಬಾಲ ಕತ್ತರಿಸಿದರೂ ನಷ್ಟವಿಲ್ಲ. ಅದೇ ಅಭ್ಯಾಸದಲ್ಲಿ ಪತ್ರಕ್ಕೂ ಕತ್ತರಿ ಹಾಕಿದರೆ, ಎಷ್ಟೋ ಸಲ ಕಾರಣಗಳೆಲ್ಲ ಅಚ್ಚಾಗಿ ತೀರ್ಮಾನವೇ ಹಾರಿಹೋಗಿರುತ್ತದೆ. ಹಾಗಾಗಿ ನಮ್ಮಲ್ಲಿ ಈಗ ಮೊದಲು ಶೀರ್ಷಿಕೆ, ಆಮೇಲೆ ಕತ್ತರಿ.