ಬೀಗದ ಶಾಟ್ ಆಮೇಲೆ ತೆಗೆಯೋಣ ಎಂದಿದ್ದೆ

"ಮೇಡಂ, ಬೀಗದ ಕ್ಲೋಸಪ್ ಮೊದಲು ಮುಗಿಸಿಬಿಡೋಣವೇ?"

ನಿರ್ದೇಶನ ಮಾಡುತ್ತಿದ್ದ ಹುಡುಗಿ ಇದನ್ನು ಎರಡು ಸಲ ಕೇಳಿದಳು. ಮೊದಲ ಸಲ ಕತ್ತಲಲ್ಲಿ ಕ್ಯಾಮೆರಾ ಸಾಗುವ ಟ್ರಾಲಿಗೆ ಹಳಿಯಂಥ ಟ್ರ್ಯಾಕ್ ಹಾಸುತ್ತಿದ್ದಾಗ, ಎರಡನೆಯ ಸಲ ಮೂರನೇ ಟೇಕ್ ಕೆಟ್ಟ ಮೇಲೆ. ಎರಡು ಸಲವೂ ನಾನು "ಆಮೇಲೆ" ಎಂದೆ. ಎರಡನೆಯ ಸಲ ಅವಳ ಮುಖವನ್ನೂ ನೋಡಲಿಲ್ಲ. ನನ್ನ ಕಣ್ಣು ಮಾನಿಟರ್ ಮೇಲೆ ಇತ್ತು.

ನಾನು ಸಂಕಲನ ಕಲಿಸುವವಳು. ಕೊನೆಯ ವರ್ಷದವರು ಮಾಡುವ ಕಿರುಚಿತ್ರಗಳಿಗೆ ಮಾರ್ಗದರ್ಶಿಯಾಗಿಯೂ ನಿಲ್ಲುತ್ತೇನೆ. ಈ ಚಿತ್ರದ ಆರಂಭದ ಭಾಗ ಕಾಗದದ ಮೇಲೆ ಎರಡು ನಿಮಿಷಕ್ಕೂ ಕಡಿಮೆ, 11 ಶಾಟ್‌ಗಳು. ಬಹಳ ವರ್ಷಗಳ ಮೇಲೆ ಮಗ ಹಳೆಯ ಮನೆಗೆ ಬರುತ್ತಾನೆ. ಬೆಳಗು ಇನ್ನೂ ಪೂರ್ತಿ ಹರಿದಿಲ್ಲ. ಕೀಲಿಕೈ ಹುಡುಕಿ ಬೀಗಕ್ಕೆ ಕೈ ಹಾಕುತ್ತಾನೆ. ಬೀಗ ಹಾಕಿಯೇ ಇಲ್ಲ, ಚಿಲಕಕ್ಕೆ ಸುಮ್ಮನೆ ಸಿಕ್ಕಿಸಿದೆ. ಒಳಗೆ ಯಾರೋ ಬಂದು ಹೋಗಿದ್ದಾರೆ, ಅಥವಾ ಇನ್ನೂ ಇದ್ದಾರೆ. ಇಡೀ ಚಿತ್ರ ನಿಂತಿರುವುದು ಆ ಸಿಕ್ಕಿಸಿದ ಬೀಗದ ಮೇಲೆ. ಇದು ನನಗೆ ಗೊತ್ತಿತ್ತು. ಸ್ಟೋರಿಬೋರ್ಡ್‌ನಲ್ಲಿ ಆ ಚೌಕದ ಸುತ್ತ ಕೆಂಪು ಪೆನ್ನಿನಿಂದ ಗುರುತು ಹಾಕಿದವಳೇ ನಾನು.

ಆದರೂ ಆ ದಿನ ಯಾವ ಶಾಟ್ ಯಾವಾಗ ಎಂದು ಹೇಳುವ ಕಾಲ್ ಶೀಟ್ ಬರೆಯುವಾಗ ಮೊದಲ ಸಾಲಿನಲ್ಲಿ ಬರೆದದ್ದು ಟ್ರಾಲಿ ಶಾಟ್. ಗೇಟಿನಿಂದ ಶುರುವಾಗಿ, ನಟನ ಬೆನ್ನ ಹಿಂದೆಯೇ ಸಾಗಿ, ಬಾಗಿಲಲ್ಲಿ ಅವನ ಕೈಯ ಮೇಲೆ ನಿಲ್ಲುವ 38 ಸೆಕೆಂಡಿನ ಒಂದೇ ಚಲನೆ. ಚೆಲುವಾದ ಶಾಟ್. ಮೌಲ್ಯಮಾಪನದ ನಮೂನೆಯಲ್ಲಿ ಕ್ಯಾಮೆರಾ ಚಲನೆಗೆ ಪ್ರತ್ಯೇಕ ಅಂಕಗಳಿವೆ. ನೋಡುಗನಿಗೆ ಕಥೆ ತಿಳಿಯಿತೇ ಎಂಬುದಕ್ಕೆ ಒಂದು ಕಾಲಂ ಕೂಡ ಇಲ್ಲ. ಆ ನಮೂನೆಯ ಬಗ್ಗೆ ಪ್ರತಿ ವರ್ಷ ಸಭೆಯಲ್ಲಿ ಮಾತೆತ್ತುತ್ತೇನೆ, ಪ್ರತಿ ವರ್ಷ ಅದೇ ನಮೂನೆ ಅಚ್ಚಾಗಿ ಬರುತ್ತದೆ. ಆದರೆ ಆ ಶಾಟ್ ಮೊದಲಿಗೆ ಬಂದದ್ದು ನಮೂನೆಯಿಂದಲ್ಲ. ನನಗೆ ಅದು ಬೇಕಾಗಿತ್ತು.

ಸಲಕರಣೆ ವಿಭಾಗದ್ದು ಇನ್ನೊಂದು ಕಥೆ. ಅಲ್ಲಿ ಬಾಗಿಲು ತೆರೆಯುವುದು ಒಂಬತ್ತಕ್ಕೆ, ಮುಚ್ಚುವುದು ಐದಕ್ಕೆ. ನಸುಕಿನ ಚಿತ್ರೀಕರಣಕ್ಕೆ ಹಿಂದಿನ ದಿನವೇ ಸಹಿ ಮಾಡಿಸಿ ಸಾಮಾನು ಒಯ್ಯಬೇಕು. ಸಹಿ ಸಿಕ್ಕಾಗ ಮುಚ್ಚುವ ಹೊತ್ತಾಗಿತ್ತು. ಟ್ರಾಲಿಯ ಚಕ್ರಗಳನ್ನು ತಿರುಗಿಸಿ ನೋಡಲು ಸಮಯ ಸಿಗಲಿಲ್ಲ. ಒಂದು ಚಕ್ರ ಸವೆದಿತ್ತು.

ನಸುಕಿನ ಬೆಳಕಿಗೆ ಕಾಯುವ ಗುಣವಿಲ್ಲ. ಸೂರ್ಯ ಮೂಡುವ ಮುಂಚಿನ ಆ ನೆರಳಿಲ್ಲದ, ನೀಲಿ ಬೆರೆತ ಬೆಳಕು ನಮಗೆ ಸುಮಾರು 25 ನಿಮಿಷ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆವು. ಕ್ಯಾಮೆರಾ ಬಣ್ಣ ಅಳೆಯುವ ವೈಟ್ ಬ್ಯಾಲೆನ್ಸ್ ಅನ್ನು 5600 ಕೆಲ್ವಿನ್‌ಗೆ, ಅಂದರೆ ಹಗಲಿನ ಬೆಳಕಿನ ಮಟ್ಟಕ್ಕೆ ಬಿಗಿಮಾಡಿದ್ದೆವು, ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ತಾನೇ ನೀಲಿಯನ್ನು ತೊಳೆದುಹಾಕುತ್ತದೆ. ಮೊದಲ ಟೇಕಿನಲ್ಲಿ ಫೋಕಸ್ ತಪ್ಪಿತು. ಎರಡರಲ್ಲಿ ನಟ ಗುರುತು ದಾಟಿ ನಿಂತ. ಮೂರರಲ್ಲಿ ಟ್ರ್ಯಾಕಿನ ಜೋಡಣೆಯ ಹತ್ತಿರ ಆ ಸವೆದ ಚಕ್ರ ಜಿಗಿಯಿತು. ನಾಲ್ಕು, ಐದು, ಮತ್ತೆ ಅದೇ ಜಿಗಿತ. ಒಂದೊಂದು ಟೇಕ್ ಮುಗಿದಾಗಲೂ ಆಕಾಶ ಒಂದು ಪದರ ಬಿಳಿಚಿಕೊಳ್ಳುತ್ತಿತ್ತು, ಕ್ಯಾಮೆರಾ ಹಿಡಿದ ಹುಡುಗ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಇಳಿಸುತ್ತಿದ್ದ.

ಆರನೇ ಟೇಕಿನಲ್ಲೂ ನಡುವೆ ಜಿಗಿಯಿತು, ಆದರೂ ಟ್ರಾಲಿ ಬಾಗಿಲವರೆಗೆ ಸಾಗಿತು. "ಕಟ್, ಎನ್‌ಜಿ", ಅಂದರೆ ಈ ಟೇಕ್ ಆಗದು, ಎಂದು ಕೂಗಿದವಳು ನಾನು. ನಿರ್ದೇಶಕಿ ಕೂಗಬೇಕಾದ ಮಾತನ್ನು ನಾನು ಕೂಗಿದೆ ಎಂಬುದು ಆಗ ಹೊಳೆಯಲಿಲ್ಲ. ಏಳನೆಯದು ಸಿಕ್ಕಿತು. ತುದಿಯಿಂದ ತುದಿಗೆ ನೀರಿನ ಮೇಲೆ ಜಾರಿದಂತೆ. ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಗೋಡೆಯ ಮೇಲ್ಭಾಗಕ್ಕೆ ಬಿಸಿಲು ಬಿದ್ದಿತ್ತು.

ಶಬ್ದದ ಹುಡುಗ ಮೂವತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಬೇಕೆಂದು ಬೇಡಿಕೊಂಡ. ಜಾಗದ ಮೌನವನ್ನು ಹಿಡಿದಿಟ್ಟುಕೊಂಡು, ಆಮೇಲೆ ದೃಶ್ಯದ ಕೆಳಗೆ ಹಾಸಲು. ನಾನು ಹತ್ತು ಸೆಕೆಂಡಿಗೆ "ಸಾಕು, ನಡೆಯಿರಿ" ಎಂದೆ. ದೂರದಿಂದ ತೆಗೆಯುವ ಉಳಿದ ವೈಡ್ ಶಾಟ್‌ಗಳನ್ನು ಓಡಿ ಓಡಿ ಮುಗಿಸಿದೆವು. ಬೀಗಕ್ಕೆ ಬೆಳಕು ಉಳಿಯಲಿಲ್ಲ.

ಮೂರು ದಿನದ ಮೇಲೆ ಬೀಗವೊಂದನ್ನೇ ತೆಗೆಯಲು ಹೋದರು. ಸಾಮಾನು ಒಂಬತ್ತಕ್ಕೆ ಕೈಗೆ ಬಂದದ್ದರಿಂದ ಕ್ಯಾಮೆರಾ ನಿಂತಾಗ ಹತ್ತು ಗಂಟೆ. ಗ್ರೇಡಿಂಗ್‌ನಲ್ಲಿ, ಅಂದರೆ ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ, ಸರಿಮಾಡೋಣ ಎಂದು ನಾನೇ ಧೈರ್ಯ ಹೇಳಿ ಕಳಿಸಿದ್ದೆ. ಬಣ್ಣವನ್ನು ನೀಲಿಗೆ ಎಳೆಯಬಹುದು, ಹೊಳಪನ್ನು ಇಳಿಸಬಹುದು. ಬೀಗದ ಕೆಳಗೆ ಬಾಗಿಲ ಮೇಲೆ ಕತ್ತರಿಸಿದಂತೆ ಬಿದ್ದ ನೆರಳನ್ನು ಏನು ಮಾಡುವುದು? ಬೆಳಕಿನ ದಿಕ್ಕನ್ನು ಬಣ್ಣ ತಿದ್ದುವ ಯಾವ ಚಕ್ರವೂ ತಿರುಗಿಸುವುದಿಲ್ಲ. ಇದನ್ನು ತರಗತಿಯಲ್ಲಿ ವರ್ಷಕ್ಕೆ ಎರಡು ಸಲ ಹೇಳುತ್ತೇನೆ. ಆ ಶಾಟನ್ನು ನಸುಕಿನ ವೈಡ್ ಶಾಟ್‌ನ ಪಕ್ಕ ಇಟ್ಟಾಗ ಬೇರೆ ಮನೆಯ ಬೇರೆ ಬಾಗಿಲಿನಂತೆ ಕಂಡಿತು.

ಮೊದಲ ಕಟ್ ಎರಡು ನಿಮಿಷ ನಲವತ್ತು ಸೆಕೆಂಡ್ ಬಂತು. ಕಥೆ ಗೊತ್ತಿಲ್ಲದ ಇಬ್ಬರನ್ನು ಕರೆದು ತೋರಿಸಿದೆವು. "ಕ್ಯಾಮೆರಾ ಕೆಲಸ ಚೆನ್ನಾಗಿದೆ" ಎಂದರು. ಏನಾಯಿತು ಎಂದು ಕೇಳಿದರೆ, "ಅವನು ಮನೆಗೆ ಬಂದ" ಎಂದರು. ಅಷ್ಟೇ. ಜೊತೆಗೆ ಒಬ್ಬರು ಕೇಳಿದರು, "ಆ ಹಕ್ಕಿ ಯಾಕೆ ಒಂದೇ ಸಮನೆ ಕೂಗುತ್ತದೆ?" ಹತ್ತು ಸೆಕೆಂಡಿನ ಮೌನವನ್ನು ಸುತ್ತಿ ಸುತ್ತಿ ಹಾಸಿದ್ದರಿಂದ ಹತ್ತು ಸೆಕೆಂಡಿಗೊಮ್ಮೆ ಅದೇ ಹಕ್ಕಿ, ಅದೇ ದನಿ. ಶಬ್ದದ ಹುಡುಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮುಂದಿನ ಎರಡು ದಿನ ಬೇರೆ ತರಗತಿಗಳಿದ್ದವು, ಸಂಕಲನ ಕೋಣೆಗೆ ನಾನು ಹೋಗಲಿಲ್ಲ. ನಿರ್ದೇಶಕಿ ಹೋದಳು. ಎನ್‌ಜಿ ಎಂದು ಲಾಗ್ ಶೀಟಿನಲ್ಲಿ ಅಡ್ಡಗೆರೆ ಎಳೆದಿದ್ದ ಟೇಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದಳು. ಆರನೇ ಟೇಕಿನಲ್ಲಿ ನಾನು ಕಟ್ ಎಂದ ಮೇಲೂ ಕ್ಯಾಮೆರಾ ಓಡುತ್ತಿತ್ತು. ಟ್ರಾಲಿ ಬಾಗಿಲ ಹತ್ತಿರ ನಿಂತಿದೆ, ಫೋಕಸ್ ಕೊನೆಯ ಗುರುತಿನಲ್ಲಿ, ಅಂದರೆ ಕೈಯ ಮೇಲೆಯೇ ಇದೆ. ಮತ್ತೆ ಕೆಟ್ಟಿತಲ್ಲ ಎಂದು ಬೇಸತ್ತ ನಟ ಕೈ ಸಡಿಲಿಸುತ್ತಾನೆ. ಬೀಗ ತಾನಾಗಿ ಚಿಲಕದಿಂದ ಜಾರಿ ಅವನ ಅಂಗೈಗೆ ಬೀಳುತ್ತದೆ. ಅವನು ಅದನ್ನು ಒಂದು ಕ್ಷಣ ನೋಡುತ್ತಾ ನಿಲ್ಲುತ್ತಾನೆ. ಸುಮಾರು ನಾಲ್ಕು ಸೆಕೆಂಡ್.

ಚಿತ್ರೀಕರಿಸಿದ್ದು 4ಕೆಯಲ್ಲಿ, ಸಂಕಲನದ ಟೈಮ್‌ಲೈನ್ 1080, ಅಂದರೆ ಉದ್ದಗಲ ಎರಡರಲ್ಲೂ ಹೆಚ್ಚುಕಡಿಮೆ ಅದರ ಅರ್ಧ. ಎರಡು ಪಟ್ಟು ಹಿಗ್ಗಿಸಿದರೂ ಚಿತ್ರ ಒಡೆಯುವುದಿಲ್ಲ. ಅವಳು ಹಿಗ್ಗಿಸಿದಳು, ಬೀಗ ಮತ್ತು ಅಂಗೈ ಪರದೆ ತುಂಬಿದವು. ನಂತರ ಟ್ರಾಲಿ ಶಾಟನ್ನು ಪೂರ್ತಿ ಕಿತ್ತಳು. ಕಪ್ಪು ಪರದೆಯ ಮೇಲೆ ಹೆಜ್ಜೆಯ ಸದ್ದು, ಕೀಲಿಗೊಂಚಲಿನ ಸದ್ದು, ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು. ಆಮೇಲೆ ಆ ಅಂಗೈ, 71 ಫ್ರೇಮ್, ಸೆಕೆಂಡಿಗೆ 24ರ ಲೆಕ್ಕದಲ್ಲಿ ಮೂರು ಸೆಕೆಂಡಿಗೆ ಒಂದು ಫ್ರೇಮ್ ಕಡಿಮೆ. ನಂತರ ಮನೆಯ ವೈಡ್.

ಮೂರನೇ ದಿನ ಅದನ್ನು ನೋಡಿದಾಗ ನಾನು ಮೊದಲು ಕೇಳಿದ ಪ್ರಶ್ನೆ, "ಟ್ರಾಲಿ ಎಲ್ಲಿ?" ಗಂಟಲಲ್ಲಿ ಸಿಟ್ಟಿತ್ತು. ಅವಳು ಉತ್ತರ ಕೊಡಲಿಲ್ಲ, ಮತ್ತೊಮ್ಮೆ ಓಡಿಸಿದಳು. ಹೊರಗಿನಿಂದ ಬೇರೊಬ್ಬ ವಿದ್ಯಾರ್ಥಿಯನ್ನು ಕರೆದು ತೋರಿಸಿದೆವು. ವೈಡ್ ಶಾಟ್ ಬರುವ ಮುಂಚೆಯೇ ಅವನು ಮೆಲ್ಲಗೆ, "ಒಳಗೆ ಯಾರೋ ಇದ್ದಾರೆ" ಎಂದ.

ಈಗ ಕಾಲ್ ಶೀಟ್ ಅನ್ನು ನಾನು ಬರೆಯುವುದಿಲ್ಲ, ಅವರೇ ಬರೆಯುತ್ತಾರೆ. ಯಾವ ಶಾಟ್ ಇಲ್ಲದಿದ್ದರೆ ಕಥೆಯೇ ಇಲ್ಲವೋ ಅದು ಮೊದಲ ಬೆಳಕಿಗೆ. ಮೌನಕ್ಕೆ ಪೂರ್ತಿ ಮೂವತ್ತು ಸೆಕೆಂಡ್, ಗಡಿಯಾರ ಹಿಡಿದು. ಸೆಟ್‌ನಲ್ಲಿ ನನ್ನ ಕುರ್ಚಿ ಮಾನಿಟರ್‌ನ ಹಿಂದೆ ಇರುವುದಿಲ್ಲ. ಟ್ರಾಲಿಯ ಚಕ್ರವನ್ನು ಬದಲಿಸಿ ಎಂದು ಬರೆದ ಪತ್ರ ಮೂರು ಆಗಿವೆ. ಚಕ್ರ ಅದೇ ಇದೆ.

"ಅವತ್ತು ನೀನು ಹೇಳಿದ್ದು ಸರಿ, ನಾನು ಕೇಳಬೇಕಿತ್ತು" ಎಂದು ಅವಳಿಗೆ ಹೇಳಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಫೈನಲ್ ಕಟ್ ಬಿಗಿಮಾಡುವ ಸಂಜೆ ಹೇಳಿದೆ. ಅವಳು ಟೈಮ್‌ಲೈನ್‌ನಿಂದ ಕಣ್ಣೆತ್ತಲಿಲ್ಲ.

"ಬೀಗದ ಸದ್ದನ್ನು ಎರಡು ಫ್ರೇಮ್ ಹಿಂದಕ್ಕೆ ತರಲೇ ಮೇಡಂ?"

"ನಿನಗೆ ಏನನಿಸುತ್ತದೆ?"

ತಂದಳು. ಕಣ್ಣು ಮುಚ್ಚಿ ಕೇಳಿದೆ. ಅಲ್ಲಿಯೇ ಇರಬೇಕಿತ್ತು ಅದು.