ಕಾರ್ಡಿಫ್ ಮ್ಯಾಚಿಗೆ, ಹಿಂದಿನ ಸೀಟಿನಲ್ಲಿ

ಲಂಡನ್‌ನಿಂದ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಸುಮಾರು 240 ಕಿಲೋಮೀಟರ್. ಪ್ರತಿ ಸಲ ರೈಲಿನಲ್ಲಿ ನಿಂತೇ ಹೋಗುತ್ತಿದ್ದ ನಾವು ನಾಲ್ವರು, ಈ ಸಲ ಯುರೋಪಿನ ಆರು ತಂಡಗಳ ಸಿಕ್ಸ್ ನೇಷನ್ಸ್ ರಗ್ಬಿಗೆ ಡ್ರೈವರ್ ಸಮೇತ ಕಾರು ಮಾಡಿಕೊಂಡೆವು. ದುಡ್ಡು ಜಾಸ್ತಿಯೇ ಆಯಿತು. ಆದರೆ ಬಿಯರ್ ಬಿಟ್ಟು ಸ್ಟೀರಿಂಗ್ ಹಿಡಿಯುವವರು ಯಾರು ಅನ್ನೋ ಜಗಳ ತಪ್ಪಿತು.

ಎಂ4 ಹೆದ್ದಾರಿಯಲ್ಲಿ ಸೆವರ್ನ್ ನದಿಯ ಸೇತುವೆ ದಾಟಿದರೆ ವೇಲ್ಸ್. 2018ರ ಕೊನೆಯಲ್ಲಿ ಟೋಲ್ ತೆಗೆದರು, ಈಗ ಅಲ್ಲಿ ನಿಲ್ಲಬೇಕಾಗಿಲ್ಲ.

ಮ್ಯಾಚ್ ನಡೆಯುವ ಪ್ರಿನ್ಸಿಪಾಲಿಟಿ ಸ್ಟೇಡಿಯಂ ಊರಿನ ನಟ್ಟನಡುವೆ, ಟ್ಯಾಫ್ ನದಿಯ ಪಕ್ಕದಲ್ಲೇ ಇದೆ. ಅದೇ ಅದರ ಚಂದ. ಕಾರಿನವರಿಗೆ ಕಷ್ಟವೂ ಅದೇ! ಮ್ಯಾಚ್ ದಿನ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ. ಗೇಟಿನ ಮುಂದೆಯೇ ರಾಜನ ಹಾಗೆ ಇಳಿಯುತ್ತೇನೆ ಅಂದುಕೊಂಡಿದ್ದ ನಾನು, ಕೊನೆಯ ಒಂದು ಮೈಲಿ ಮಳೆಯಲ್ಲಿ ನಡೆದೆ.

ಇಳಿಸುವಾಗ ಡ್ರೈವರ್ ಒಂದು ಮಾತು ಹೇಳಿದ್ದರು: "ಸರ್, ಆಮೇಲೆ ಫೋನ್ ನಂಬಬೇಡಿ. ಇದೇ ಚರ್ಚಿನ ಹತ್ತಿರ ಇರ್ತೀನಿ." ಸುಮ್ನೆ ತಲೆಯಾಡಿಸಿದ್ದೆ. ಆಟ ಮುಗಿದು 70,000ಕ್ಕೂ ಹೆಚ್ಚು ಜನ ಒಟ್ಟಿಗೆ ಹೊರಬಂದಾಗ ಒಂದು ಫೋನ್ ಕಾಲ್ ಕೂಡ ಹೋಗಲಿಲ್ಲ. ಚರ್ಚ್ ನೆನಪಿತ್ತು, ಪುಣ್ಯ.

ಒದ್ದೆ ಶೂ ಬಿಚ್ಚಿ ಕೂತೆ. ವಾಪಸ್ ದಾರಿಯಲ್ಲಿ ಪಕ್ಕದ ಊರು ನ್ಯೂಪೋರ್ಟ್ ಬರುವಷ್ಟರಲ್ಲಿ ನಾಲ್ವರಿಗೂ ಗೊರಕೆ.