ಆರು ಪದರಗಳನ್ನು ಮತ್ತೆ ಜೋಡಿಸಿದ್ದು

ಗಿಗಾಬಿಟ್ ಈಥರ್ನೆಟ್ ಇದ್ದ ಆರು ಪದರಗಳ ಸರ್ಕ್ಯೂಟ್ ಬೋರ್ಡೊಂದು ಇಎಂಐ (ಹೊರಸೂಸುವ ವಿದ್ಯುತ್ಕಾಂತೀಯ ಅಡಚಣೆಯ) ಪರೀಕ್ಷೆಯಲ್ಲಿ 375 ಮೆಗಾಹರ್ಟ್ಸ್ ಬಳಿ ಮಿತಿ ಮೀರಿದಾಗ ನಾನು ಮೊದಲು ಅನುಮಾನಿಸಿದ್ದು ಕೇಬಲನ್ನು, ಆಮೇಲೆ ಕನೆಕ್ಟರನ್ನು. 375 ಎಂದರೆ ಆರ್‌ಜಿಎಂಐಐ (ಈಥರ್ನೆಟ್ ಚಿಪ್‌ಗಳ ನಡುವಿನ ಸಂಪರ್ಕ) ಕ್ಲಾಕ್‌ನ 125 ಮೆಗಾಹರ್ಟ್ಸ್‌ನ ಮೂರು ಪಟ್ಟು. ಹತ್ತಿರದ ವಿಕಿರಣ ಹಿಡಿಯುವ ನಿಯರ್ ಫೀಲ್ಡ್ ಪ್ರೋಬನ್ನು ಟ್ರೇಸಿನ (ತಾಮ್ರದ ಗೆರೆಯ) ಗುಂಟ ಆಡಿಸುತ್ತ ಹೋದಾಗ ತೆಪ್ಪಗಿದ್ದ ಸ್ಪೆಕ್ಟ್ರಮ್ ಅನಲೈಸರ್, ಅದೇ ಟ್ರೇಸ್ ಒಂದನೆಯ ಪದರದಿಂದ ಆರನೆಯದಕ್ಕೆ ಇಳಿಯುವ ವಯಾದ (ಪದರಗಳನ್ನು ಜೋಡಿಸುವ ಲೋಹಲೇಪಿತ ತೂತಿನ) ಬಳಿ ಬಂದ ಕೂಡಲೇ ಗೆರೆಯನ್ನು ಮೇಲಕ್ಕೆತ್ತುತ್ತಿತ್ತು.

ನನ್ನ ಸ್ಟ್ಯಾಕಪ್, ಅಂದರೆ ಪದರಗಳ ಜೋಡಣೆಯ ಕ್ರಮ, ಹೀಗಿತ್ತು: ಸಿಗ್ನಲ್, ಗ್ರೌಂಡ್, ಸಿಗ್ನಲ್, ಸಿಗ್ನಲ್, ಪವರ್, ಸಿಗ್ನಲ್. ಟ್ರೇಸ್ ಎಳೆಯಲು ನಾಲ್ಕು ಪದರಗಳು ಸಿಗುತ್ತವೆ ಎಂಬ ಆಸೆಗೆ ಬಿದ್ದು ಆರಿಸಿಕೊಂಡದ್ದು. ಆದರೆ ಮೆಗಾಹರ್ಟ್ಸ್‌ಗಳ ಮಟ್ಟದಲ್ಲಿ ಹಿಂದಿರುಗುವ ಕರೆಂಟ್ ಪ್ಲೇನಿನ (ಇಡೀ ಪದರದ ತಾಮ್ರದ ಹಾಳೆಯ) ತುಂಬ ಹರಡದೆ, ಟ್ರೇಸಿನ ನೇರ ಕೆಳಗೇ ಅಂಟಿಕೊಂಡು ಹರಿಯುತ್ತದೆ. ಟ್ರೇಸ್ ಆರನೆಯ ಪದರಕ್ಕೆ ಇಳಿದರೆ ಪಕ್ಕದಲ್ಲಿರುವುದು ಪವರ್ ಪ್ಲೇನ್ ಆದ್ದರಿಂದ, ಆ ಕರೆಂಟ್ ಗ್ರೌಂಡಿನಿಂದ ಅಲ್ಲಿಗೆ ದಾಟಲು ಪವರ್-ಗ್ರೌಂಡ್ ನಡುವೆ ಕೂತ ಯಾವುದಾದರೂ ಡಿಕಪ್ಲಿಂಗ್ ಕೆಪಾಸಿಟರ್ ಹುಡುಕಿಕೊಂಡು ಸುತ್ತಬೇಕು. ನನ್ನ ಬೋರ್ಡಿನಲ್ಲಿ ಹತ್ತಿರದ್ದೆಂದರೆ ಸುಮಾರು 2 ಸೆಂಟಿಮೀಟರ್ ಆಚೆ ಇತ್ತು. ಆ ಸುತ್ತೇ ಆಂಟೆನಾ. ಪ್ಲೇನ್‌ಗಳ ನಡುವಿನ ಕೆಪಾಸಿಟೆನ್ಸ್ ನೆರವಾಗಬಹುದಿತ್ತು; ಆದರೆ ಬೋರ್ಡಿನ ನಿರೋಧಕ ವಸ್ತುವಾದ ಎಫ್‌ಆರ್-4ರಲ್ಲಿ 1 ಮಿಲಿಮೀಟರ್ ಅಂತರವಿದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 4 ಪಿಕೋಫ್ಯಾರಡ್ ಮಾತ್ರ.

ಹೊಸ ಜೋಡಣೆ: ಸಿಗ್ನಲ್, ಗ್ರೌಂಡ್, ಸಿಗ್ನಲ್, ಪವರ್, ಗ್ರೌಂಡ್, ಸಿಗ್ನಲ್. ಎರಡು-ಮೂರರ ನಡುವೆಯೂ ನಾಲ್ಕು-ಐದರ ನಡುವೆಯೂ 0.1 ಮಿಲಿಮೀಟರ್ ಕೋರ್ (ಎರಡೂ ಬದಿ ತಾಮ್ರವಿರುವ ಗಟ್ಟಿ ಹಾಳೆ). ಉಳಿದ ದಪ್ಪವೆಲ್ಲ ಮಧ್ಯದಲ್ಲಿ. ಒಂದರಿಂದ ಮೂರಕ್ಕೆ ಇಳಿಯುವ ಸಿಗ್ನಲ್‌ಗೆ ಎರಡನೆಯ ಪದರದ ಅದೇ ಗ್ರೌಂಡ್ ಆಸರೆಯಾಗಿರುತ್ತದೆ, ಆರಕ್ಕೆ ಇಳಿಯುವುದಾದರೆ ಪಕ್ಕದಲ್ಲೊಂದು ಗ್ರೌಂಡ್ ವಯಾ ಇಟ್ಟರೆ ಸಾಕು, ಮತ್ತು ಪವರ್-ಗ್ರೌಂಡ್ ಕೆಪಾಸಿಟೆನ್ಸ್ ಹತ್ತು ಪಟ್ಟಾಗುತ್ತದೆ. ಕಳೆದುಕೊಂಡದ್ದು ಒಂದು ಸಿಗ್ನಲ್ ಪದರ. ರೂಟಿಂಗ್ ಮಾಡುವಾಗ ಅದಕ್ಕಾಗಿ ಸಾಕಷ್ಟು ಗೊಣಗಿದೆ.

ಈ ಸಲ ಲೇಔಟ್ ಶುರು ಮಾಡುವ ಮೊದಲೇ ಬೋರ್ಡ್ ತಯಾರಿಸುವ ಫ್ಯಾಬ್‌ನವರಿಗೆ ಸ್ಟ್ಯಾಕಪ್ ಕಳಿಸಿದೆ. ನಾಲ್ಕನೆಯ ಪದರದ ತುಂಬ ತಾಮ್ರ, ಮೂರನೆಯದರಲ್ಲಿ ಬರೀ ಟ್ರೇಸ್‌ಗಳಿದ್ದರೆ ಬೋರ್ಡ್ ಬಾಗುತ್ತದೆಂದು ಅವರು ಎಚ್ಚರಿಸಿದ್ದರಿಂದ, ಮೂರನೆಯ ಪದರದ ಖಾಲಿ ಜಾಗವನ್ನು ಗ್ರೌಂಡ್ ತಾಮ್ರದಿಂದ ತುಂಬಿದೆ. ಇನ್ನೊಂದು ತಿದ್ದುಪಡಿ ಪ್ರೀಪ್ರೆಗ್‌ನದು, ಅಂದರೆ ಪದರಗಳನ್ನು ಅಂಟಿಸುವ ರೆಸಿನ್ ಹಾಳೆಯದು. ಒತ್ತುವಾಗ ಅದರ ರೆಸಿನ್ ತಾಮ್ರದ ಸಂದುಗಳಿಗೆ ಹರಿಯುವುದರಿಂದ, ಕೊನೆಗೆ ಉಳಿಯುವ ದಪ್ಪ ಕ್ಯಾಟಲಾಗಿನಲ್ಲಿ ಬರೆದಷ್ಟಿರುವುದಿಲ್ಲ. ಪ್ಲೇನಿನಿಂದ 0.1 ಮಿಲಿಮೀಟರ್ ಎತ್ತರಕ್ಕೆ 50 ಓಮ್ ಇಂಪಿಡೆನ್ಸಿನ ಟ್ರೇಸ್ ಸುಮಾರು 0.18 ಮಿಲಿಮೀಟರ್ ಅಗಲ ಬೇಡುತ್ತದೆ ಎಂಬ ನನ್ನ ಲೆಕ್ಕವನ್ನು ಅವರು ತಮ್ಮ ದಪ್ಪಕ್ಕೆ ತಕ್ಕಂತೆ ತುಸು ಕಿರಿದು ಮಾಡಿದರು. ಇಂಪಿಡೆನ್ಸ್ ನಾನು ಹೇಳುವುದು, ಅಗಲ ಅವರು ಹೇಳುವುದು ಎಂಬ ಈ ಹಂಚಿಕೆ ನನಗೆ ಒಪ್ಪಿಗೆಯಾಗಿದೆ.

ಹೊಸ ಬೋರ್ಡ್ ಬಂದ ದಿನ ಮೊದಲು ಪ್ರೋಬ್ ಇಟ್ಟದ್ದು ಅದೇ ವಯಾದ ಬಳಿ. ಅನಲೈಸರಿನ ಗೆರೆ ನಾಯ್ಸ್‌ಗಿಂತ ಸ್ವಲ್ಪವೇ ಮೇಲಿತ್ತು.